ಕೆಲಸ ಮುಗಿಸಿ ಕರಗುವ ದಾರ: ಜೋಸೆಫ್ ಲಿಸ್ಟರ್

ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಈಗ ಮೂತ್ರಾಂಗಗಳ ಶಸ್ತ್ರಚಿಕಿತ್ಸಕ. ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಜೋಸೆಫ್ ಲಿಸ್ಟರ್ ಅವರನ್ನು ಆರಿಸಿಕೊಂಡೆ. ಮೂತ್ರಕೋಶದ ಆಪರೇಷನ್ ಆದವರು ಮನೆಗೆ ಹೊರಡುವಾಗ, ಒಳಗಿನ ಹೊಲಿಗೆ ಬಿಚ್ಚಿಸಲು ಯಾವಾಗ ಬರಬೇಕೆಂದು ಕೇಳುತ್ತಾರೆ. ಅದು ತಾನೇ ಕರಗಿಹೋಗುತ್ತದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಆ ಮಾತನ್ನು ವೈದ್ಯರು ಧೈರ್ಯವಾಗಿ ಹೇಳುವಂತೆ ಮಾಡಿದವರಲ್ಲಿ ಲಿಸ್ಟರ್ ಪ್ರಮುಖರು.

ಲಿಸ್ಟರ್ ಹುಟ್ಟಿದ್ದು 1827ರ ಏಪ್ರಿಲ್ 5ರಂದು, ಲಂಡನ್ನಿನ ಹತ್ತಿರದ ಅಪ್ಟನ್ ಎಂಬಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬಿಡುವಿನ ವೇಳೆಯಲ್ಲಿ ಮಸೂರಗಳ ಅಧ್ಯಯನ ಮಾಡಿ ಸೂಕ್ಷ್ಮದರ್ಶಕವನ್ನು ಸುಧಾರಿಸಿದವರು. ಹೀಗಾಗಿ ಮಗನಿಗೆ ಚಿಕ್ಕಂದಿನಿಂದಲೇ ಸೂಕ್ಷ್ಮವಾಗಿ ನೋಡುವ ಅಭ್ಯಾಸ ಬಂತು. ಕ್ವೇಕರ್ ಪಂಥದ ಮನೆತನವಾದ್ದರಿಂದ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ದಾರಿ ಸುಲಭವಿರಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ 1852ರಲ್ಲಿ ವೈದ್ಯಪದವಿ ಪಡೆದರು. ಮರುವರ್ಷ ಎಡಿನ್‌ಬರೋಗೆ ಹೋಗಿ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರ ಕೈಕೆಳಗೆ ಕೆಲಸ ಕಲಿತರು. 1856ರಲ್ಲಿ ಅವರ ಮಗಳು ಆಗ್ನೆಸ್‌ಳನ್ನು ಮದುವೆಯಾದರು. ಲಿಸ್ಟರ್ ಅವರ ಪ್ರಯೋಗಗಳ ಟಿಪ್ಪಣಿಗಳಲ್ಲಿ ಬಹುಪಾಲು ಆಕೆಯ ಕೈಬರಹದಲ್ಲಿವೆ.

1860ರಲ್ಲಿ ಅವರು ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದರು. ಆಗಿನ ಆಸ್ಪತ್ರೆಗಳಲ್ಲಿ ಆಪರೇಷನ್ ಚೆನ್ನಾಗಿ ನಡೆದರೂ ಗಾಯ ಕೀವು ತುಂಬಿ ರೋಗಿ ಸಾಯುತ್ತಿದ್ದ. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ನಂಬಿದ್ದರು. ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಸಂಶೋಧನೆಯನ್ನು ಓದಿದ ಲಿಸ್ಟರ್, ಗಾಯ ಕೊಳೆಯುವುದೂ ಸೂಕ್ಷ್ಮಜೀವಿಗಳಿಂದಲೇ ಎಂದು ತರ್ಕಿಸಿದರು. ಕಾರ್ಲೈಲ್ ಊರಿನಲ್ಲಿ ಚರಂಡಿಯ ವಾಸನೆ ತಡೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಗಾಯಕ್ಕೆ ಹಚ್ಚಿ ನೋಡಿದರು. 1865ರ ಆಗಸ್ಟ್‌ನಲ್ಲಿ ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದು ಗಾಯವಾಗಿದ್ದ 11 ವರ್ಷದ ಹುಡುಗ ಜೇಮ್ಸ್ ಗ್ರೀನ್‌ಲೀಸ್, ಕಾಲು ಉಳಿಸಿಕೊಂಡು ಮನೆಗೆ ಹೋದ. ಮೊದಲು ಕೈಕಾಲು ಕತ್ತರಿಸಿದ 35 ಮಂದಿಯಲ್ಲಿ 16 ಜನ ಸತ್ತಿದ್ದರೆ, ಹೊಸ ಪದ್ಧತಿಯಲ್ಲಿ 40ರಲ್ಲಿ 6 ಜನ ಮಾತ್ರ ಸತ್ತರು.

ದಾರದ ಸಮಸ್ಯೆ ಮಾತ್ರ ಉಳಿದಿತ್ತು. ರಕ್ತನಾಳ ಕಟ್ಟಿದ ದಾರದ ತುದಿಯನ್ನು ಆಗ ಗಾಯದಿಂದ ಹೊರಗೆ ಇಳಿಬಿಟ್ಟು, ಒಳಗೆ ಕೊಳೆತ ಮೇಲೆ ಎಳೆದು ತೆಗೆಯುತ್ತಿದ್ದರು. ಲಿಸ್ಟರ್ ಕಾರ್ಬಾಲಿಕ್‌ನಲ್ಲಿ ನೆನೆಸಿದ ರೇಷ್ಮೆ ದಾರ ಕಟ್ಟಿ, ತುದಿ ಕತ್ತರಿಸಿ, ಗಾಯ ಮುಚ್ಚಿದರು. ರೋಗಿ ಗುಣವಾದರು. ಕೆಲವು ತಿಂಗಳ ಮೇಲೆ ಬೇರೆ ಕಾರಣದಿಂದ ಆಕೆ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಆ ಗಂಟನ್ನು ನೋಡಿದರು. ಅದರ ಸುತ್ತ ಕೀವಿನಂಥ ದ್ರವ ಕಂಡಿತು. ಯಶಸ್ಸೆಂದು ಹೇಳಿಕೊಳ್ಳಬಹುದಾಗಿದ್ದ ಕಡೆ, ರೇಷ್ಮೆ ಸಾಲದು ಎಂದು ತೀರ್ಮಾನಿಸಿದರು.

1868ರ ಡಿಸೆಂಬರಿನಲ್ಲಿ ತಂದೆಯ ಮನೆಯಲ್ಲಿ ಒಂದು ಕರುವಿನ ಕತ್ತಿನ ರಕ್ತನಾಳವನ್ನು ಕಾರ್ಬಾಲಿಕ್‌ನಲ್ಲಿ ನೆನೆಸಿದ ಕರುಳಿನ ದಾರದಿಂದ ಕಟ್ಟಿದರು. ಇದಕ್ಕೆ ಕ್ಯಾಟ್‌ಗಟ್ ಎಂದು ಹೆಸರು. ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಕುರಿ ಅಥವಾ ದನದ ಕರುಳಿನಿಂದ ಮಾಡಿದ್ದು. ಹಳೆಯ ಕಾಲದ ವೈದ್ಯರೂ ಇದನ್ನು ಬಳಸಿದ್ದರು, ಆದರೆ ಕ್ರಿಮಿಶುದ್ಧಿ ತಿಳಿದಿರಲಿಲ್ಲ. ಒಂದು ತಿಂಗಳ ನಂತರ ನೋಡಿದರೆ ದಾರ ಹಾಗೇ ಇದ್ದಂತೆ ಕಂಡಿತು. ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಅದು ದಾರವಾಗಿರಲಿಲ್ಲ. ದಾರದ ಜಾಗದಲ್ಲಿ ಜೀವಂತ ಅಂಗಾಂಶ ಬೆಳೆದಿತ್ತು. ಆದರೂ ಸಾಮಾನ್ಯ ಕರುಳಿನ ದಾರ ಬೇಗ ಮೆತ್ತಗಾಗುತ್ತಿತ್ತು. ಅದು ಬೇಕಾದಷ್ಟು ದಿನ ಬಾಳುವಂತೆ ಮಾಡಲು ವರ್ಷಗಟ್ಟಲೆ ದುಡಿದು, 1881ರ ಹೊತ್ತಿಗೆ ಕ್ರೋಮಿಕ್ ಆಮ್ಲದಲ್ಲಿ ಹದಮಾಡುವ ವಿಧಾನವನ್ನು ಪ್ರಕಟಿಸಿದರು.

ಲಿಸ್ಟರ್ ಯೋಚಿಸಿದ್ದು ರಕ್ತನಾಳಗಳ ಬಗ್ಗೆ. ಅದರ ಲಾಭ ಮಾತ್ರ ನಮ್ಮ ವಿಭಾಗಕ್ಕೂ ಬಹಳವಾಗಿ ದಕ್ಕಿತು. ಮೂತ್ರದಲ್ಲಿ ಲವಣಗಳಿರುತ್ತವೆ. ಕರಗದ ದಾರ ಮೂತ್ರಕ್ಕೆ ತಗಲಿಕೊಂಡಿದ್ದರೆ ಅದರ ಮೇಲೆ ಲವಣ ಕಟ್ಟಿ ಕಲ್ಲಾಗುತ್ತದೆ. ಅಪಘಾತದಲ್ಲಿ ಒಡೆದ ಮೂತ್ರಕೋಶವನ್ನು ನಾವು ಸಾಮಾನ್ಯವಾಗಿ ಎರಡು ಪದರವಾಗಿ, ಕರಗುವ ದಾರದಿಂದಲೇ ಹೊಲಿಯುತ್ತೇವೆ. ಒಂದೆರಡು ವಾರ ಕೊಳವೆ ಹಾಕಿ ಮೂತ್ರವನ್ನು ಹೊರಗೆ ಹರಿಸಿ ಹೊಲಿಗೆಗೆ ವಿಶ್ರಾಂತಿ ಕೊಡುತ್ತೇವೆ. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಬಾಲ್‌ಪೆನ್ನಿನ ರೀಫಿಲ್‌ನಷ್ಟೇ ದಪ್ಪ. ಗರ್ಭಕೋಶದ ಪಕ್ಕದಲ್ಲೇ ಹಾಯುವುದರಿಂದ ಆ ಆಪರೇಷನ್ನಿನಲ್ಲಿ ಒಮ್ಮೊಮ್ಮೆ ಗಾಯಗೊಳ್ಳುತ್ತದೆ. ತುಂಡಾದ ತುದಿಗಳನ್ನು ಸ್ವಲ್ಪ ಸೀಳಿ ಅಗಲಿಸಿ, ಎಳೆತವಿಲ್ಲದಂತೆ, ಕೂದಲಿನಂಥ ದಾರದಿಂದ ಸೇರಿಸಿ, ಒಳಗೆ ಸ್ಟೆಂಟ್ ಎಂಬ ಕೊಳವೆ ಇಡುತ್ತೇವೆ. ಊರಿನವರಲ್ಲಿ ಒಂದು ಮಾತು: ಹೊಲಿಗೆ ಕರಗುತ್ತದೆ, ಸ್ಟೆಂಟ್ ಕರಗುವುದಿಲ್ಲ. ಹೇಳಿದ ದಿನ ಬಂದು ತೆಗೆಸದಿದ್ದರೆ ಅದರ ಮೇಲೂ ಕಲ್ಲು ಕಟ್ಟಿ ಮೂತ್ರಪಿಂಡಕ್ಕೇ ಕುತ್ತು ಬರಬಹುದು.

ಇಂದು ಕರುಳಿನ ದಾರದ ಬದಲು ಹೆಚ್ಚಾಗಿ ಕೃತಕ ದಾರ ಬಂದಿದೆ. ದೇಹದ ನೀರಿನಂಶದಿಂದಲೇ ಅದು ನಿಧಾನವಾಗಿ ಕರಗುತ್ತದೆ. ವಸ್ತು ಬದಲಾಗಿದೆ, ಗಾಯ ಕೂಡುವವರೆಗೆ ಹಿಡಿದಿದ್ದು ಆಮೇಲೆ ಇಲ್ಲವಾಗಬೇಕೆಂಬ ಲೆಕ್ಕ ಅದೇ.

ಲಿಸ್ಟರ್ 1877ರಲ್ಲಿ ಲಂಡನ್ನಿಗೆ ಮರಳಿದರು. ತಾವೇ ಪ್ರಚಾರಕ್ಕೆ ತಂದಿದ್ದ ಕಾರ್ಬಾಲಿಕ್ ಸಿಂಪಡಣೆ ಅನಗತ್ಯವೆಂದು 1890ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಒಪ್ಪಿಕೊಂಡರು. 1893ರಲ್ಲಿ ಪತ್ನಿ ತೀರಿಕೊಂಡರು; ಮಕ್ಕಳಿರಲಿಲ್ಲ. 1895ರಿಂದ 1900ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು, 1897ರಲ್ಲಿ ಲಾರ್ಡ್ ಪದವಿ ದೊರೆಯಿತು. 1912ರ ಫೆಬ್ರವರಿ 10ರಂದು ನಿಧನರಾದರು.

ನಮ್ಮ ಶಾಲೆಯ ಮಕ್ಕಳು ಪ್ರಯೋಗಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯನ್ನು ನೋಡುವಾಗ ಅವರನ್ನು ನೆನೆಯಲಿ. ಗುಣವಾದ ಗಾಯವನ್ನೂ ಇನ್ನೊಮ್ಮೆ ಪರೀಕ್ಷಿಸಿ ನೋಡಿದ್ದೇ ಲಿಸ್ಟರ್ ಅವರ ದೊಡ್ಡತನ. ಅದನ್ನು ಕಲಿಯಲು ದೊಡ್ಡ ಊರಿನ ಶಾಲೆಯೇ ಆಗಬೇಕೆಂದಿಲ್ಲ. ಸುವರ್ಣ ಮಹೋತ್ಸವಕ್ಕೆ ಶುಭವಾಗಲಿ.