ಶ್ರೀಮಧ್ವಾಚಾರ್ಯರು ಮತ್ತು ನಿತ್ಯನರಕದ ವಿಚಾರ

ಉಡುಪಿಯಿಂದ ಆಗ್ನೇಯಕ್ಕೆ ಕೆಲವೇ ಮೈಲಿ ದೂರದಲ್ಲಿ, ಕುಂಜಾರುಗಿರಿಯ ಬುಡದಲ್ಲಿ ಪಾಜಕವೆಂಬ ಸಣ್ಣ ಊರಿದೆ. ಅಲ್ಲಿ ಮಧ್ಯಗೇಹಭಟ್ಟರಿಗೂ ವೇದವತಿಗೂ ಜನಿಸಿದ ಮಗನಿಗೆ ವಾಸುದೇವನೆಂದು ಹೆಸರಿಟ್ಟರು. ಮಧ್ಯಗೇಹವೆಂಬುದು ತುಳುವಿನ ಮನೆತನದ ಹೆಸರೊಂದರ ಸಂಸ್ಕೃತ ರೂಪ. ಈ ಬಾಲಕನೇ ಮುಂದೆ ಪೂರ್ಣಪ್ರಜ್ಞ, ಆನಂದತೀರ್ಥ, ಮಧ್ವ ಎಂಬ ಹೆಸರುಗಳಿಂದ ಪ್ರಸಿದ್ಧನಾದವನು. ಜನ್ಮಕಾಲವನ್ನು ಕುರಿತು ಎರಡು ಅಭಿಪ್ರಾಯಗಳಿವೆ. ಆಚಾರ್ಯರ ಗ್ರಂಥದ ಮಾತೊಂದನ್ನು ಹಿಡಿದು ಕೆಲವರು 1199 ಎನ್ನುತ್ತಾರೆ. ಆದರೆ ಅವರ ನೇರ ಶಿಷ್ಯರಾದ ನರಹರಿತೀರ್ಥರ ಶಾಸನವೊಂದು ಆಂಧ್ರದ ಶ್ರೀಕೂರ್ಮದಲ್ಲಿದ್ದು, ಅದರ ಕಾಲ 1281. ಅದನ್ನು ಆಧಾರವಾಗಿಟ್ಟುಕೊಂಡು ಹೆಚ್ಚಿನ ವಿದ್ವಾಂಸರು ಆಚಾರ್ಯರ ಕಾಲವನ್ನು 1238ರಿಂದ 1317 ಎಂದು ಗೊತ್ತುಮಾಡಿದ್ದಾರೆ.

ಅವರ ಜೀವನದ ಬಹುತೇಕ ಸಂಗತಿಗಳು ನಮಗೆ ದೊರೆಯುವುದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಿಂದ. ಹದಿನಾರು ಸರ್ಗಗಳ ಆ ಸಂಸ್ಕೃತ ಮಹಾಕಾವ್ಯ ಭಕ್ತನೊಬ್ಬನ ಕೃತಿ. ಅದರಲ್ಲಿ ಪವಾಡಕ್ಕೂ ಚರಿತ್ರೆಗೂ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಹಾಗಿದ್ದರೂ ಅದರ ಬಾಲ್ಯದ ಚಿತ್ರಗಳಲ್ಲಿ ತುಳುನಾಡಿನ ಹಳ್ಳಿಯ ಮನೆಯೊಂದು ಕಣ್ಣಿಗೆ ಕಟ್ಟುತ್ತದೆ. ತಾಯಿ ಮನೆಯಲ್ಲಿಲ್ಲದಾಗ ಹಸಿದು ಅತ್ತ ಮಗುವಿಗೆ ಅಕ್ಕ ದನಗಳಿಗೆಂದು ಬೇಯಿಸಿದ ಹುರುಳಿಯನ್ನೇ ತಿನ್ನಿಸಿದಳು. ಮಗು ಅದನ್ನು ಅರಗಿಸಿಕೊಂಡಿತು. ಇನ್ನೊಮ್ಮೆ ಎತ್ತಿನ ಬಾಲ ಹಿಡಿದು ದಿನವಿಡೀ ಕಾಡು ಸುತ್ತಿ ಸಂಜೆ ಮನೆಗೆ ಬಂದಿತು. ಸಾಲ ಕೊಟ್ಟವನು ಬಾಗಿಲಲ್ಲಿ ಕುಳಿತು ತಂದೆಯನ್ನು ಕಾಡಿದಾಗ ಹುಡುಗ ಅವನ ಕೈಗೆ ಹುಣಸೆಬೀಜಗಳನ್ನಿತ್ತು ಸಾಲ ತೀರಿಸಿದನಂತೆ. ಬಡತನವೂ ಋಣವೂ ಈ ಮನೆಗೆ ಅಪರಿಚಿತವಾಗಿರಲಿಲ್ಲವೆಂಬುದನ್ನು ಈ ಕಥೆಯಿಂದ ಊಹಿಸಬಹುದು.

ಎಳೆಯ ವಯಸ್ಸಿನಲ್ಲೇ ವಾಸುದೇವನು ಸಂನ್ಯಾಸಕ್ಕೆ ಮನಸ್ಸು ಮಾಡಿದನು. ಇರುವ ಗಂಡುಮಗನೊಬ್ಬನೇ ಮನೆ ಬಿಟ್ಟು ಹೋಗುವನೆಂದು ತಂದೆ ಅಡ್ಡಿಯಾದರು. ಮತ್ತೊಬ್ಬ ಮಗ ಹುಟ್ಟುವವರೆಗೆ ಕಾದು, ಅನಂತರವೇ ಅವನು ಉಡುಪಿಯ ಅಚ್ಯುತಪ್ರೇಕ್ಷರಿಂದ ದೀಕ್ಷೆ ಪಡೆದನು. ಆ ತಮ್ಮನೂ ಮುಂದೆ ವಿಷ್ಣುತೀರ್ಥರೆಂಬ ಯತಿಯಾದುದು ಬೇರೆ ಮಾತು. ಅಚ್ಯುತಪ್ರೇಕ್ಷರು ಅದ್ವೈತದ ಸಂಪ್ರದಾಯಕ್ಕೆ ಸೇರಿದವರು. ಶಿಷ್ಯನಿಗೆ ಅವರು ವಿಮುಕ್ತಾತ್ಮನ ಇಷ್ಟಸಿದ್ಧಿಯನ್ನು ಪಾಠ ಹೇಳಲು ತೊಡಗಿದಾಗ, ಮೊದಲ ಶ್ಲೋಕದಲ್ಲಿಯೇ ಮೂವತ್ತೆರಡು ದೋಷಗಳಿವೆಯೆಂದು ಶಿಷ್ಯನು ತೋರಿಸಿದನಂತೆ. ಪಾಠ ಅಲ್ಲಿಗೇ ನಿಂತಿತು. ಗುರುವೇ ಶಿಷ್ಯನ ಮತಕ್ಕೆ ಬರಲು ಬಹುಕಾಲ ಹಿಡಿಯಿತು, ಕೊನೆಗೆ ಬಂದರು.

ಅಲ್ಲಿಂದ ಮುಂದಿನದು ನಡಿಗೆಯ ಮತ್ತು ವಾದದ ಬದುಕು. ತೆಂಕಣದಲ್ಲಿ ಅನಂತಶಯನ, ಕನ್ಯಾಕುಮಾರಿ, ರಾಮೇಶ್ವರ, ಶ್ರೀರಂಗ. ಬಡಗಣದಲ್ಲಿ ಎರಡು ಬಾರಿ ಬದರಿ. ಗೀತಾಭಾಷ್ಯವನ್ನು ಬದರಿಯಲ್ಲಿ ವ್ಯಾಸರಿಗೆ ಒಪ್ಪಿಸಿದರೆಂದೂ, ಬ್ರಹ್ಮಸೂತ್ರಭಾಷ್ಯ ಆ ಯಾತ್ರೆಯ ಫಲವೆಂದೂ ಕಾವ್ಯ ಹೇಳುತ್ತದೆ. ಮರಳುವಾಗ ಗೋದಾವರೀ ತೀರದಲ್ಲಿ ಶೋಭನಭಟ್ಟನೆಂಬ ಪ್ರಕಾಂಡ ಪಂಡಿತನು ವಾದದಲ್ಲಿ ಸೋತು ಶಿಷ್ಯನಾಗಿ, ಪದ್ಮನಾಭತೀರ್ಥರಾದನು. ಇನ್ನೊಂದು ಪ್ರಸಂಗ ನಮ್ಮ ಕಡೆಯ ಓದುಗರಿಗೆ ವಿಶೇಷವಾದುದು. ಈಶ್ವರದೇವನೆಂಬ ಅರಸು ಕೆರೆ ತೋಡಿಸುತ್ತ, ದಾರಿಹೋಕರನ್ನೆಲ್ಲ ಹಿಡಿದು ಗುದ್ದಲಿ ಕೊಡುತ್ತಿದ್ದನು. ಆಚಾರ್ಯರನ್ನೂ ಅಗೆಯೆಂದಾಗ, ಅಗೆಯುವ ಬಗೆಯನ್ನು ಮೊದಲು ತೋರಿಸೆಂದು ಅವರು ಅರಸನನ್ನೇ ಕೇಳಿಕೊಂಡರು. ಅರಸು ಅಗೆಯಲು ತೊಡಗಿದವನು ನಿಲ್ಲಿಸಲಾರದೆ ಹೋದನು. ಆಚಾರ್ಯರು ಮುಂದೆ ನಡೆದರು. ಈ ಈಶ್ವರದೇವನು ದೇವಗಿರಿಯ ಸೇವುಣ ದೊರೆ ಮಹಾದೇವನೇ ಎಂದು ಚರಿತ್ರಕಾರರು ಗುರುತಿಸುತ್ತಾರೆ. ಇಂದಿನ ಜತ್ತ ತಾಲೂಕಿನ ನೆಲವೂ ಆ ಕಾಲದಲ್ಲಿ ಸೇವುಣರ ಆಳ್ವಿಕೆಗೇ ಒಳಪಟ್ಟಿತ್ತು.

ಇಷ್ಟು ದೂರ ನಡೆದು, ಇಷ್ಟು ಜನರೊಡನೆ ವಾದಿಸಿ ಅವರು ಸ್ಥಾಪಿಸಿದ ತತ್ತ್ವದಲ್ಲಿ ಜೀವ ಜಗತ್ತುಗಳ ಸತ್ಯತ್ವ, ಹರಿಯ ಸರ್ವೋತ್ತಮತ್ವ, ಪಂಚಭೇದ ಇವು ಎಲ್ಲರಿಗೂ ತಿಳಿದ ಅಂಶಗಳು. ಕಡಿಮೆ ಚರ್ಚೆಗೆ ಬರುವುದು, ಬಂದಾಗ ಬಹುಮಂದಿಯನ್ನು ಕಳವಳಗೊಳಿಸುವುದು ನಿತ್ಯನರಕದ ವಿಚಾರ. ಭಾರತೀಯ ದರ್ಶನಗಳಲ್ಲಿ ನರಕಕ್ಕೆ ಕೊರತೆಯಿಲ್ಲ. ಆದರೆ ಎಲ್ಲೆಡೆ ಅದೊಂದು ತಂಗುದಾಣ; ಪಾಪ ಸವೆದ ಮೇಲೆ ಜೀವ ಮತ್ತೆ ಹುಟ್ಟಿಗೆ ಬರುತ್ತದೆ. ಮಧ್ವರು ಸೂತ್ರಭಾಷ್ಯದಲ್ಲಿ ಏಳು ನರಕಗಳನ್ನು ಎಣಿಸಿ, ರೌರವ, ಕುಂಭೀಪಾಕ ಮೊದಲಾದ ಐದನ್ನು ಅನಿತ್ಯವೆಂದರು. ತಾಮಿಸ್ರ, ಅಂಧತಾಮಿಸ್ರ ಎಂಬ ಎರಡು ಮಾತ್ರ ನಿತ್ಯ. ಅಲ್ಲಿಗೆ ಹೋದವರು ಮರಳುವುದಿಲ್ಲ.

ಈ ಕಠಿನ ಮಾತಿನ ಹಿಂದೆ ಒಂದು ಪ್ರಶ್ನೆಯಿದೆ. ಲೋಕದಲ್ಲಿ ಒಬ್ಬ ಸುಖಿ, ಒಬ್ಬ ದುಃಖಿ, ಹೀಗೇಕೆ? ಕರ್ಮದಿಂದ ಎಂಬುದು ಸಾಮಾನ್ಯವಾದ ಉತ್ತರ. ಹಾಗಾದರೆ ಜೀವರ ಕರ್ಮಗಳೇ ಬೇರೆ ಬೇರೆಯಾದುದೇಕೆ? ಎಲ್ಲ ಜೀವರೂ ಮೂಲತಃ ಒಂದೇ ಬಗೆಯವರಾಗಿದ್ದು, ದೇವರು ಒಬ್ಬನನ್ನು ಮೇಲಕ್ಕೂ ಒಬ್ಬನನ್ನು ಕೆಳಕ್ಕೂ ನಡೆಸಿದನೆಂದರೆ ಅವನಿಗೆ ಪಕ್ಷಪಾತದ ಮತ್ತು ಕ್ರೌರ್ಯದ ದೋಷ ಬರುತ್ತದೆ. ಮಧ್ವರು ಇದನ್ನು ಒಪ್ಪಲಾರರು. ಜೀವರು ದೇವರಿಂದ ಸೃಷ್ಟರಾದವರಲ್ಲ, ಅನಾದಿ. ಅವರ ಯೋಗ್ಯತೆಯೂ ಅನಾದಿ. ಬೇವಿನ ಬೀಜ ಬೇವಾಗಿಯೂ ಮಾವಿನ ಬೀಜ ಮಾವಾಗಿಯೂ ಬೆಳೆಯುವಂತೆ, ಪ್ರತಿಯೊಂದು ಜೀವದ ಸ್ವಭಾವವನ್ನು ಹರಿಯು ಹೊರಗೆ ತರುತ್ತಾನೆ, ಬದಲಿಸುವುದಿಲ್ಲ. ಆದ್ದರಿಂದ ತತ್ತ್ವಸಂಖ್ಯಾನವೆಂಬ ಪುಟ್ಟ ಗ್ರಂಥದಲ್ಲಿ ಮುಕ್ತಿಗೆ ಯೋಗ್ಯರು, ಸಂಸಾರದಲ್ಲಿಯೇ ಸುತ್ತುವ ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರಲ್ಲಿ ಬಗೆಗಳಾದವು. ತಮೋಯೋಗ್ಯರಲ್ಲಿ ದೈತ್ಯ, ರಾಕ್ಷಸ, ಪಿಶಾಚರೊಡನೆ ಮನುಷ್ಯಾಧಮರೂ ಸೇರಿದರು. ದೇವರ ಮೇಲಿನ ಆರೋಪವನ್ನು ತೊಡೆಯಲು ಮಧ್ವರು ತೆತ್ತ ಬೆಲೆ ಇದು, ಸಣ್ಣದೇನಲ್ಲ.

ಇದಕ್ಕೆ ಶ್ರುತಿಸ್ಮೃತಿಗಳ ಆಧಾರ ಅವರಿಗೆ ಬೇಕಾಗಿತ್ತು. ಕುರುಡುಗತ್ತಲೆಯನ್ನು ಹೊಗುವವರ ಮಾತು ಈಶಾವಾಸ್ಯದಲ್ಲಿದೆ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸ್ವಭಾವದವರು ಭಗವಂತನನ್ನು ಪಡೆಯದೆ ಅಧೋಗತಿಗೆ ಇಳಿಯುವ ಮಾತಿದೆ. ಇತರರು ಇವನ್ನು ಸಂಸಾರಚಕ್ರದ ಒಳಗಿನ ಏರಿಳಿತವೆಂದು ಓದಿದರೆ ಮಧ್ವರು ಅಂತಿಮಗತಿಯೆಂದು ಓದಿದರು. ಭಕ್ತಿ ಪಕ್ವವಾದರೆ ಮೋಕ್ಷವಾಗುವಂತೆ, ಹರಿದ್ವೇಷ ಪಕ್ವವಾದರೆ ಅಂಧತಮಸ್ಸು. ಆ ದ್ವೇಷಕ್ಕೆ ಒಂಬತ್ತು ರೂಪಗಳನ್ನು ಮಹಾಭಾರತತಾತ್ಪರ್ಯನಿರ್ಣಯದ ಆರಂಭದಲ್ಲಿಯೇ ಹೇಳಿದ್ದಾರೆ. ಜೀವನೇ ಬ್ರಹ್ಮವೆನ್ನುವುದು, ಬ್ರಹ್ಮವು ನಿರ್ಗುಣವೆನ್ನುವುದು, ಹರಿಗೆ ಸಮನಾದವರುಂಟೆನ್ನುವುದು, ಭಕ್ತರನ್ನು ದ್ವೇಷಿಸುವುದು ಮೊದಲಾದವು ಅದರಲ್ಲಿ ಬರುತ್ತವೆ. ತರ್ಕದ ತಪ್ಪು ಇಲ್ಲಿ ಆತ್ಮದ ಪತನವಾಗಿಬಿಡುತ್ತದೆ. ಮಧ್ವರ ವಾದಗಳಿಗೆ ಅಷ್ಟೊಂದು ಕಾವು ಬಂದುದು ಇದರಿಂದಲೇ.

ಅದೇ ಗ್ರಂಥ ಕನ್ನಡದ ವಿದ್ಯಾರ್ಥಿಯನ್ನು ಇನ್ನೊಂದು ಕಾರಣಕ್ಕೆ ತಡೆದು ನಿಲ್ಲಿಸುತ್ತದೆ. ಪಂಪನೂ ರನ್ನನೂ ದುರ್ಯೋಧನನನ್ನು ಛಲದ ಮೂರ್ತಿಯಾಗಿ ಕಂಡವರು. ಜತ್ತಕ್ಕೆ ದೂರವಲ್ಲದ ಮುಧೋಳದಲ್ಲಿ ಹುಟ್ಟಿದ ರನ್ನನು ಭೀಮನನ್ನು ನಾಯಕನನ್ನಾಗಿ ಇಟ್ಟುಕೊಂಡೂ, ರಣಭೂಮಿಯಲ್ಲಿ ಕರ್ಣನಿಗಾಗಿ ಅಳುವ ಕೌರವನ ಮೇಲೆ ತನ್ನ ಕರುಣೆಯನ್ನೆಲ್ಲ ಸುರಿದನು. ಮಧ್ವರಿಗೂ ಭೀಮನೇ ನಾಯಕ. ಸಂಪ್ರದಾಯದಲ್ಲಿ ಅವರು ಹನುಮ, ಭೀಮರ ಅನಂತರದ ವಾಯುವಿನ ಮೂರನೆಯ ಅವತಾರ. ಆದರೆ ಅವರ ದುರ್ಯೋಧನನು ಸಾಕ್ಷಾತ್ ಕಲಿ. ಅವನಿಗಾಗಿ ಮಿಡಿಯಲು ಅಲ್ಲಿ ಎಡೆಯಿಲ್ಲ. ದ್ವೇಷದಿಂದಲೇ ಶಿಶುಪಾಲನಿಗೆ ಸದ್ಗತಿಯಾಯಿತೆಂಬ ಭಾಗವತದ ಪ್ರಸಿದ್ಧ ಕಥೆಯನ್ನೂ ಅವರು ಹಾಗೆಯೇ ಬಿಡಲಿಲ್ಲ. ಒಂದೇ ದೇಹದಲ್ಲಿ ಇಬ್ಬರು ಜೀವರಿದ್ದರು. ಭಕ್ತನಾದವನು ಹರಿಯನ್ನು ಸೇರಿದನು, ಅಸುರನು ತಮಸ್ಸಿಗೆ ಇಳಿದನು. ಪೂತನಿಯಲ್ಲಿಯೂ ಊರ್ವಶಿಯೊಬ್ಬಳು, ತಾಟಕಿಯೊಬ್ಬಳು. ಕೇಳಲು ವಿಚಿತ್ರವೆನಿಸುವ ಈ ವಿವರಣೆಯಿಂದ ಒಂದು ಉಪಕಾರವಾಯಿತು. ಹೊರಗಿನ ನಡತೆಯನ್ನು ನೋಡಿ ಒಳಗಿನ ಜೀವ ಯಾವ ಬಗೆಯದೆಂದು ತೀರ್ಪು ಕೊಡುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ನಿತ್ಯನರಕವನ್ನು ಕಂಡ ಪಾಶ್ಚಾತ್ಯ ವಿದ್ವಾಂಸರಲ್ಲಿ ಗ್ರಿಯರ್ಸನ್ ಮೊದಲಾದವರು, ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಹಿಂದೆ ಕ್ರೈಸ್ತರಿದ್ದರೆಂಬ ನಂಬಿಕೆಯ ಮೇಲೆ, ಇದು ಅವರಿಂದ ಬಂದಿರಬೇಕೆಂದು ಶಂಕಿಸಿದರು. ಜರ್ಮನಿಯ ಗ್ಲಾಸನಾಪ್ 1923ರ ತನ್ನ ಗ್ರಂಥದಲ್ಲಿ ಆ ಊಹೆಯನ್ನು ಒಪ್ಪಲಿಲ್ಲ. ಅಷ್ಟು ದೂರ ಹೋಗಬೇಕಾದುದೂ ಇರಲಿಲ್ಲ. ಎಂದಿಗೂ ಮೋಕ್ಷ ಪಡೆಯಲಾರದ ಅಭವ್ಯ ಜೀವರಿದ್ದಾರೆಂದು ಜೈನರು ಬಹುಕಾಲದಿಂದ ಹೇಳುತ್ತಿದ್ದರು. ತುಳುನಾಡು ಜೈನರ ನೆಲೆಯೂ ಆಗಿತ್ತು.

ಹೋಲಿಸಲೇಬೇಕೆಂದರೆ ಹೋಲಿಸಬೇಕಾದುದು ಸಾಮಾನ್ಯ ಕ್ರೈಸ್ತ ನರಕದೊಡನೆ ಅಲ್ಲ; ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಪಂಥದ ಕಲ್ಪನೆಯೊಡನೆ. 1830ರ ಸುಮಾರಿಗೆ ಸ್ಮಿತ್, ಅನಂತ ಎಂಬುದು ದೇವರ ಹೆಸರು, ಆದ್ದರಿಂದ ಅನಂತ ಶಿಕ್ಷೆ ಎಂದರೆ ದೇವರು ಕೊಡುವ ಶಿಕ್ಷೆಯೇ ಹೊರತು ಮುಗಿಯದ ಶಿಕ್ಷೆಯೆಂದಾಗಬೇಕಿಲ್ಲ ಎಂದು ಪದದ ಅರ್ಥವನ್ನೇ ತಿರುಗಿಸಿದನು. 1832ರ ಫೆಬ್ರವರಿಯಲ್ಲಿ ಒಹಾಯೊದಲ್ಲಿ ತನಗಾದುದೆಂದು ಅವನು ಹೇಳಿದ ದರ್ಶನದಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳಿಗೆ ಸಮನಾದ ಮೂರು ವೈಭವದ ಲೋಕಗಳಿದ್ದವು. ದುಷ್ಟರೂ ನರಕದಲ್ಲಿ ಬೆಂದು, ಕಾಲ ತೀರಿದ ಮೇಲೆ ಮೂರನೆಯದನ್ನು ಸೇರುತ್ತಾರೆ. ಸತ್ಯವನ್ನು ಚೆನ್ನಾಗಿ ತಿಳಿದೂ ತಿರುಗಿಬಿದ್ದ ಕೆಲವೇ ಮಂದಿಗೆ ಮಾತ್ರ ಹೊರಗತ್ತಲೆ. ಅಲ್ಲಿಯೂ ಕತ್ತಲೆ, ಅಲ್ಲಿಯೂ ದ್ವೇಷವೇ ಕಾರಣ. ಜೀವಚೈತನ್ಯ ಸೃಷ್ಟವಾದುದಲ್ಲ ಎಂಬ ಮಾತೂ 1833ರಲ್ಲಿ ಬಂತು. ಭೇದವಿರುವುದು ಒಂದೇ ಎಡೆಯಲ್ಲಿ, ಆದರೆ ಅದು ಆಳವಾದುದು. ಸ್ಮಿತ್ ಕಂಡ ಕತ್ತಲೆಗೆ ಮನುಷ್ಯ ತಾನೇ ಆರಿಸಿಕೊಂಡು ಹೋಗುತ್ತಾನೆ. ಮಧ್ವರು ಕಂಡ ಕತ್ತಲೆಗೆ ಅವನ ಸ್ವಭಾವವೇ ಅವನನ್ನು ಒಯ್ಯುತ್ತದೆ.

ಸ್ವಭಾವ ಬದಲಾಗದೆಂದ ಮೇಲೆ ಬೋಧನೆ ಏಕೆ, ವಾದ ಏಕೆ? ಈ ಪ್ರಶ್ನೆಗೆ ಆಚಾರ್ಯರ ಬದುಕಿನ ಉತ್ತರಾರ್ಧವನ್ನೇ ನೋಡಬೇಕು. ಅವರ ಕೀರ್ತಿಯನ್ನು ಸಹಿಸದ ಪದ್ಮತೀರ್ಥ, ಪುಂಡರೀಕಪುರಿ ಎಂಬವರು ವಾದಕ್ಕೆ ನಿಂತು ಸೋತರು. ಬಳಿಕ ಅವರ ಕಡೆಯವರು ಆಚಾರ್ಯರ ಗ್ರಂಥಭಂಡಾರವನ್ನೇ ಅಪಹರಿಸಿದರು. ತಾಳೆಗರಿಯ ಕಾಲದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಇಂದಿನ ಕಾಸರಗೋಡಿನ ಕಡೆಯ ಕುಂಬಳೆಯ ಅರಸು ಜಯಸಿಂಹನ ನೆರವಿನಿಂದ ಅವು ಮರಳಿ ದೊರೆತವು. ಆ ಸೀಮೆಯ ಹಿರಿಯ ಅದ್ವೈತ ವಿದ್ವಾಂಸ ತ್ರಿವಿಕ್ರಮ ಪಂಡಿತನೊಡನೆ ವಾದ ನಡೆದುದೂ ಆಗಲೇ. ಅದು ಹಲವು ದಿನ ನಡೆಯಿತು. ಒಂಬತ್ತು ದ್ವೇಷಗಳ ಪಟ್ಟಿಯ ಕಣ್ಣಿನಿಂದ ನೋಡಿದರೆ ತ್ರಿವಿಕ್ರಮನ ಅಂದಿನ ನಿಲುವು ತಮಸ್ಸಿನ ಕಡೆಗೇ ಮುಖಮಾಡಿತ್ತು. ಆದರೂ ಆಚಾರ್ಯರು ಅವನನ್ನು ಆ ಪಟ್ಟಿಗೆ ಸೇರಿಸಿ ಕೈಬಿಡಲಿಲ್ಲ. ದಿನ ದಿನವೂ ಕುಳಿತು ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟರು. ಕೊನೆಗೆ ತ್ರಿವಿಕ್ರಮನು ಶರಣಾದನು. ಅವನ ಕೋರಿಕೆಯ ಮೇಲೆ ಅನುವ್ಯಾಖ್ಯಾನ ರಚಿತವಾಯಿತು. ನಾಲ್ವರು ಶಿಷ್ಯರಿಗೆ ಏಕಕಾಲಕ್ಕೆ ಬೇರೆ ಬೇರೆ ಭಾಗಗಳನ್ನು ಬರೆಸಿದರೆಂದು ಪ್ರತೀತಿ. ತ್ರಿವಿಕ್ರಮನು ಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆ ಬರೆದನು. ವಾಯುಸ್ತುತಿಯನ್ನೂ ಬರೆದನು, ಕುರುಡು ಬಾವಿ, ಕತ್ತಿಯಂತಹ ಕೊಕ್ಕಿನ ಹಕ್ಕಿಗಳು, ಹಸಿವಿನಿಂದ ಬಡಕಲಾದವರು ಎಂದು ದ್ವೇಷಿಗಳ ನರಕವನ್ನು ಅತ್ಯಂತ ಭೀಕರವಾಗಿ ಚಿತ್ರಿಸಿದವನು ಒಂದು ಕಾಲದ ಈ ಎದುರಾಳಿಯೇ. ಅವನ ಮಗನೇ ಸುಮಧ್ವವಿಜಯದ ಕವಿ.

ಮಲ್ಪೆಯ ಕಡಲಿನಲ್ಲಿ ಸಂಕಟಕ್ಕೆ ಸಿಲುಕಿದ ಹಡಗಿನಿಂದ ಗೋಪೀಚಂದನದ ಹೆಂಟೆಯೊಳಗೆ ಬಂದ ಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಿಸಿ, ಪೂಜೆಗೆ ಎಂಟು ಯತಿಗಳನ್ನು ನೇಮಿಸಿದ ಕಥೆ ಎಲ್ಲರೂ ಬಲ್ಲದ್ದು. ಸರ್ವಮೂಲವೆಂದು ಕರೆಯಲಾಗುವ ಮೂವತ್ತೇಳು ಕೃತಿಗಳಲ್ಲಿ ಒಂದೂ ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಇಲ್ಲ. 1317ರ ಮಾಘ ಶುದ್ಧ ನವಮಿಯಂದು ಉಡುಪಿಯ ಅನಂತಾಸನ ದೇವಾಲಯದಲ್ಲಿ ಶಿಷ್ಯರಿಗೆ ಐತರೇಯದ ಪಾಠ ಹೇಳುತ್ತಿದ್ದಾಗ ಮೇಲಿನಿಂದ ಹೂಮಳೆ ಸುರಿದು, ಆ ರಾಶಿಯ ಮರೆಯಲ್ಲಿ ಆಚಾರ್ಯರು ಕಣ್ಮರೆಯಾದರೆಂದು ಸಂಪ್ರದಾಯ ನಂಬುತ್ತದೆ. ಅವರಿಗೆ ಸಮಾಧಿಯಿಲ್ಲ.

ಅವರ ಮಾತು ಗಟ್ಟದ ಮೇಲಕ್ಕೆ ಬಂದು ನಮ್ಮ ಸೀಮೆಯಲ್ಲಿ ಬೇರೂರಿದುದು ಜಯತೀರ್ಥರಿಂದ. ಜತ್ತ ತಾಲೂಕಿಗೆ ಹೊಂದಿಕೊಂಡಿರುವ ಮಂಗಳವೇಢೆ ಅವರ ಹುಟ್ಟೂರೆಂದು ಪ್ರತೀತಿ, ವೃಂದಾವನವಿರುವುದು ಮಳಖೇಡದಲ್ಲಿ. ಅನುವ್ಯಾಖ್ಯಾನಕ್ಕೆ ಅವರು ಬರೆದ ನ್ಯಾಯಸುಧೆಯೇ ಮುಂದಿನ ಪಂಡಿತರಿಗೆಲ್ಲ ದಾರಿಯಾಯಿತು. ಕನ್ನಡಕ್ಕೆ ಅದನ್ನು ತಂದವರು ಹರಿದಾಸರು. ಆದರೆ ಪಂಢರಪುರದ ವಿಠಲನನ್ನು ಹಾಡಿದ ದಾಸರ ಪದಗಳಲ್ಲಿ ಮೇಲೆ ನಿಂತುದು ಹರಿಯ ಕರುಣೆ, ತನ್ನ ತಪ್ಪಿನ ಅರಿಕೆ, ನಾಮಸ್ಮರಣೆ; ಅಂಧತಮಸ್ಸಿನ ಲೆಕ್ಕಾಚಾರ ಜನರ ಬಾಯಿಗೆ ಅಷ್ಟಾಗಿ ಬರಲಿಲ್ಲ. ಅದನ್ನು ಕನ್ನಡದಲ್ಲಿ ಕ್ರಮವಾಗಿ ಹೇಳಲು ಹದಿನೆಂಟನೆಯ ಶತಮಾನದ ಮಾನವಿಯ ಜಗನ್ನಾಥದಾಸರು ಬೇಕಾಯಿತು. ಭಾಮಿನೀ ಷಟ್ಪದಿಯ ಹರಿಕಥಾಮೃತಸಾರದಲ್ಲಿ ದೇವತೆಗಳ ತಾರತಮ್ಯವಿರುವಂತೆ ದೈತ್ಯರ ತಾರತಮ್ಯಕ್ಕೂ ಒಂದು ಸಂಧಿ ಮೀಸಲಾಗಿದೆ. ಆ ಸಾಲಿನಲ್ಲಿ ಎಲ್ಲರಿಗಿಂತ ಕೆಳಗಿನವನು ಕಲಿ, ರನ್ನನು ಕಣ್ಣೀರಿನೊಡನೆ ಕಂಡ ಆ ದುರ್ಯೋಧನನೇ.