ಕೊಟ್ಟು ಬರಿದಾದ ಸಿರಿವಂತ: ಕಾರ್ನಾಡ್ ಸದಾಶಿವರಾಯರು



ಬೆಂಗಳೂರಿನ ಸದಾಶಿವನಗರದ ಹೆಸರನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಮಂತ್ರಿಗಳು, ಉದ್ಯಮಿಗಳು, ಸಿನಿಮಾ ನಟರು ಮನೆ ಮಾಡಿಕೊಂಡಿರುವ ಬಡಾವಣೆ ಅದು. ಅಲ್ಲೊಂದು ನಿವೇಶನ ಕೊಳ್ಳುವುದು ನಮ್ಮ ನಿಮ್ಮಂಥವರಿಗೆ ಕನಸಿನಲ್ಲೂ ಆಗದ ಮಾತು. ಆದರೆ ಆ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಅವರು ಕಣ್ಣು ಮುಚ್ಚುವ ಹೊತ್ತಿಗೆ ಬರಿಗೈಯವರಾಗಿದ್ದರು. ಅವರೇ ಮಂಗಳೂರಿನ ಕಾರ್ನಾಡ್ ಸದಾಶಿವರಾಯರು.

ಹುಟ್ಟಿನಿಂದ ಅವರು ಬಡವರಲ್ಲ. 1881ರಲ್ಲಿ ಮಂಗಳೂರಿನ ಸ್ಥಿತಿವಂತ ಮನೆತನದಲ್ಲಿ ಜನಿಸಿದರು. ತಂದೆ ರಾಮಚಂದ್ರರಾಯರು ಹೆಸರಾಂತ ವಕೀಲರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ, ಮುಂಬಯಿಯಲ್ಲಿ ಕಾನೂನು ಓದಿ ಊರಿಗೆ ಮರಳಿದಾಗ ಎದುರಿಗೆ ಸಲೀಸಾದ ದಾರಿಯಿತ್ತು. ಕಚೇರಿಗೆ ಹೋಗಬಹುದಿತ್ತು, ಆಸ್ತಿಗೆ ಆಸ್ತಿ ಸೇರಿಸಬಹುದಿತ್ತು. ಆ ಕಾಲದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಣ ಮಾಡುವುದಕ್ಕೂ ಅದನ್ನು ಸಮಾಜಕ್ಕೆ ಉಪಯೋಗಿಸುವುದಕ್ಕೂ ಒಳ್ಳೆಯ ಮಾದರಿಗಳಿದ್ದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಬ್ಯಾಂಕು ಕಟ್ಟಿದ ಸಂಗತಿ ನಮ್ಮ ಓದುಗರಿಗೆ ತಿಳಿದದ್ದೇ. ರಾಯರು ಆರಿಸಿಕೊಂಡ ದಾರಿ ಇದಕ್ಕಿಂತ ಬೇರೆ, ಇನ್ನೂ ಕಠಿಣ. ಗಳಿಸಿ ಕೊಡುವುದಲ್ಲ, ಇದ್ದದ್ದನ್ನೇ ಕೊಡುತ್ತಾ ಹೋಗುವುದು.

ಪತ್ನಿ ಶಾಂತಾಬಾಯಿ ಅವರ ಜೊತೆಗೂಡಿ 1911ರಲ್ಲಿ ಮಂಗಳೂರಿನಲ್ಲಿ ಮಹಿಳಾ ಸಭಾ ಆರಂಭಿಸಿದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ದಿನಗಳವು. ವಿಧವೆಯರ ಪಾಡಂತೂ ಹೇಳತೀರದು. ಅಂಥವರಿಗೆ ಅಕ್ಷರವನ್ನೂ ಕೈಕಸುಬನ್ನೂ ಕಲಿಸುವ ಕೆಲಸ ಅಲ್ಲಿ ನಡೆಯಿತು. ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಎದುರಿಸಿದ್ದ ಕುದ್ಮುಲ್ ರಂಗರಾಯರಿಗೂ ಸದಾಶಿವರಾಯರು ಬೆಂಬಲವಾಗಿ ನಿಂತರು.

1919ರಲ್ಲಿ ಗಾಂಧೀಜಿ ಸತ್ಯಾಗ್ರಹದ ಕರೆ ಕೊಟ್ಟಾಗ ಕರ್ನಾಟಕದಿಂದ ಮೊದಲು ಪ್ರತಿಜ್ಞೆಗೆ ಸಹಿ ಹಾಕಿದವರು ಇವರೇ. ಮರುವರ್ಷ, 1920ರ ಆಗಸ್ಟ್ 19ರಂದು ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಒಟ್ಟಿಗೆ ಮಂಗಳೂರಿಗೆ ಬಂದರು. ಖಿಲಾಫತ್ ಮತ್ತು ಅಸಹಕಾರ, ಎರಡೂ ಒಂದೇ ಚಳವಳಿಯಾಗಿದ್ದ ದಿನಗಳು! ಊರಿನ ಹಿಂದೂ ಮುಸಲ್ಮಾನರು ಒಂದೇ ವೇದಿಕೆಯ ಮುಂದೆ ಕುಳಿತಿದ್ದ ಆ ದಿನಗಳನ್ನು ಇಂದಿನ ನಮ್ಮ ಮಕ್ಕಳು ತಿಳಿದಿರಬೇಕು. ಅಲ್ಲಿಂದ ಮುಂದೆ ರಾಯರಿಗೆ ಸಾರ್ವಜನಿಕ ಕೆಲಸ ಮುಂದಾಯಿತು, ವಕೀಲಿ ಹಿಂದಾಯಿತು. ನೂಲು, ನೇಯ್ಗೆ, ಹಿಂದಿ ಕಲಿಸಲು ತಿಲಕ ವಿದ್ಯಾಲಯ ತೆರೆದರು. ಖರ್ಚಿನ ಹೊರೆ ಬಿದ್ದದ್ದು ಅವರ ಕೈಯ ಮೇಲೆಯೇ.

ಮಳೆಗಾಲದಲ್ಲಿ ಮುತ್ತತ್ತಿಯ ಕಾವೇರಿಯನ್ನು ಕಂಡವರಿಗೆ ಹೊಳೆ ಮುನಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ನೇತ್ರಾವತಿ ಹಾಗೆ ಮುನಿಯಿತು. ಮನೆ, ಗದ್ದೆ, ದನಕರು ಎಲ್ಲವೂ ನೀರುಪಾಲು. ಆಗ ರಾಯರು ಸಮಿತಿ ರಚಿಸಿ ಸಭೆ ಕರೆಯುತ್ತಾ ಕೂರಲಿಲ್ಲ. ತಮ್ಮ ಮನೆಯ ಕಣಜವನ್ನೇ ನೊಂದವರಿಗೆ ತೆರೆದರು. ಇನ್ನೊಬ್ಬರಾದರೆ ಇಂತಿಷ್ಟೆಂದು ಅಳೆದು ಕೊಡುತ್ತಿದ್ದರು. ಇವರಿಗೆ ಆ ಅಳತೆಯೇ ಗೊತ್ತಿರಲಿಲ್ಲ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂದಾಳಾಗಿ ಸೆರೆಮನೆಗೆ ಹೋದರು. ಹೊರಬಂದರು, ಮತ್ತೆ ಹೋದರು. ಅಷ್ಟರಲ್ಲಿ ಪಿತ್ರಾರ್ಜಿತ ಆಸ್ತಿ ಕರಗುತ್ತಾ ಬಂದಿತ್ತು. ಬಾಗಿಲಿಗೆ ಬಂದವರನ್ನು ಮಾತ್ರ ಬರಿಗೈಲಿ ಕಳಿಸಲು ಅವರಿಗೆ ಕೊನೆತನಕ ಬರಲಿಲ್ಲ. 1936ರ ಡಿಸೆಂಬರಿನಲ್ಲಿ ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಜ್ವರಕ್ಕೆ ತುತ್ತಾದರು. 1937ರ ಜನವರಿ 9ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು.

ಹಾಗಾದರೆ ಅವರು ಮಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಮಂದಿಯ ನಾಳೆಗೆಂದು ಒಂದಿಷ್ಟು ಎತ್ತಿಡಬಾರದಿತ್ತೇ? ಕೊಡುಗೈಯವರ ಸುತ್ತ ನಿಜವಾಗಿ ಕಷ್ಟದಲ್ಲಿರುವವರು ಇರುವಂತೆ, ಬರೀ ದುಡ್ಡಿಗಾಗಿ ಬರುವವರೂ ಇರುತ್ತಾರಲ್ಲವೇ? ಅದೇ ಜಿಲ್ಲೆಯ ಶಿವರಾಮ ಕಾರಂತರಿಗೂ ಈ ಪ್ರಶ್ನೆ ಕಾಡಿರಬೇಕು. ರಾಯರ ಬದುಕಿನ ಪ್ರೇರಣೆಯಿಂದ ಅವರು ಬರೆದ ಕಾದಂಬರಿಯ ಹೆಸರೇ ‘ಔದಾರ್ಯದ ಉರುಳಲ್ಲಿ’. ನನಗಂತೂ ರಾಯರ ಲೆಕ್ಕದಲ್ಲಿ ತಪ್ಪು ಹುಡುಕಲು ಮನಸ್ಸು ಬಾರದು. ಅವರಿಂದ ಪಡೆದವರಲ್ಲಿ ಎಷ್ಟು ಮಂದಿ ಕೊನೆಗಾಲದಲ್ಲಿ ಅವರ ಬಾಗಿಲಿಗೆ ಬಂದರು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಓದಲೆಂದು ನಮ್ಮ ಜಿಲ್ಲೆಯಿಂದಲೂ ಮಕ್ಕಳು ಮಂಗಳೂರಿಗೆ ಹೋಗುತ್ತಾರೆ. ಊರ ನಡುವೆ ಅಂಗಡಿ ಮುಂಗಟ್ಟುಗಳಿಂದ ಗಿಜಿಗುಡುವ ಕೆ.ಎಸ್. ರಾವ್ ರಸ್ತೆ ಸಿಗುತ್ತದೆ. ನೀವು ಹೋದಾಗ ಜೊತೆಯವರನ್ನು ಕೇಳಿ ನೋಡಿ, ಆ ಕೆ.ಎಸ್. ರಾವ್ ಯಾರೆಂದು.