ಗಣಿತಹಾರವನ್ನು ಪೋಣಿಸಿದ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (ಕ್ರಿ.ಶ. 814–878) ಕನ್ನಡನಾಡು ವಿದ್ಯೆಯ ನೆಲೆವೀಡಾಗಿತ್ತು. ಆತನ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆದಿಪುರಾಣದ ಕರ್ತೃ ಜಿನಸೇನಾಚಾರ್ಯರು ಬಾಳಿದ ಆ ಪುಣ್ಯಕಾಲದಲ್ಲಿಯೇ ಗಣಿತಶಾಸ್ತ್ರವನ್ನು ಬೆಳಗಿದ ಮಹಾನುಭಾವರು ಮಹಾವೀರಾಚಾರ್ಯರು. ಸುಮಾರು 850ರಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು ಭಗವಾನ್ ಮಹಾವೀರರಿಗೆ ವಂದಿಸಿ, ನೃಪತುಂಗನನ್ನು ಕೊಂಡಾಡಿ ಮುಂದುವರಿಯುತ್ತದೆ.

ಆರ್ಯಭಟ, ಬ್ರಹ್ಮಗುಪ್ತರು ಖಗೋಳಶಾಸ್ತ್ರದ ಜೊತೆಯಲ್ಲಿ ಗಣಿತವನ್ನು ಹೇಳಿದ್ದರು. ಆಚಾರ್ಯರಾದರೋ ಗಣಿತಕ್ಕೆಂದೇ ಒಂದು ಗ್ರಂಥವನ್ನು ಮೀಸಲಿಟ್ಟರು. ಬಡ್ಡಿ, ಚಿನ್ನದ ಬೆರಕೆ, ಹೊಲದ ಅಳತೆ, ನೆರಳಿನ ಲೆಕ್ಕ ಎಲ್ಲವೂ ಅದರಲ್ಲಿವೆ. ವ್ಯಾಪಾರವೃತ್ತಿಯ ನಮ್ಮಂಥವರಿಗೆ ಅದು ಇಂದಿಗೂ ಪರಿಚಿತ ಲೋಕವೇ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಕೊಟ್ಟರು; ಕೊನೆಯದು ಒಂದರ ಮುಂದೆ 23 ಸೊನ್ನೆಗಳುಳ್ಳ ಸಂಖ್ಯೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಗುರುತಿಸಿದರು. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಅವರ ಅಭಿಪ್ರಾಯವನ್ನು ಮಾತ್ರ ನಂತರದ ಗಣಿತ ಒಪ್ಪಲಿಲ್ಲ.

ಗುಣಾಕಾರದ ಭಾಗದಲ್ಲಿ ಆಚಾರ್ಯರು ಕೆಲವು ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಇವುಗಳಲ್ಲಿ ಮನೋಹರವಾದುದು 27994681ನ್ನು 441ರಿಂದ ಗುಣಿಸಿದಾಗ ಬರುವ 12345654321. ಒಂದರಿಂದ ಆರಕ್ಕೇರಿ ಕ್ರಮವಾಗಿ ಇಳಿಯುವ ರಾಶಿಯೆಂದು ಅವರು ಇದನ್ನು ಬಣ್ಣಿಸಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ಕೇವಲ ಚಮತ್ಕಾರವಲ್ಲ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದುದರಿಂದ ನಮ್ಮ ಹಾರವು 111111ರ ವರ್ಗವೇ ಆಗಿದೆ. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಕೂಡಿದರೆ ಬದಿಗಳಲ್ಲಿ ಒಂದು, ನಡುವೆ ಆರು. ಯಾವ ಸ್ಥಾನದ ಮೊತ್ತವೂ ಒಂಬತ್ತನ್ನು ಮೀರದುದರಿಂದ ದಶಕ ಹಿಡಿಯಬೇಕಾಗಿಲ್ಲ, ಹಾರವೂ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಅಂದ ಉಳಿಯುತ್ತದೆ, ಹತ್ತಾದೊಡನೆ ಮುರಿಯುತ್ತದೆ. ಅಂಕಿಗಳ ಮೊತ್ತ 36, ಅದೂ ಆರರ ವರ್ಗ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಆದರೂ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ತರುವವರೆಗೆ ಅದು ಹೊರಜಗತ್ತಿಗೆ ಬಹುಮಟ್ಟಿಗೆ ಅಪರಿಚಿತವಾಗಿತ್ತು. ಸಾವಿರ ವರ್ಷಗಳ ಕಾಲ ಅದನ್ನು ಉಳಿಸಿದವರು ಹೆಸರಿಲ್ಲದ ಲಿಪಿಕಾರರು. ಒಂದು ತಲೆಮಾರು ಪ್ರತಿ ಮಾಡುವುದನ್ನು ಮರೆತಿದ್ದರೆ ಈ ಹಾರದ ದಾರವೇ ಹರಿಯುತ್ತಿತ್ತು.

ಇಂದು ಲೆಕ್ಕಕ್ಕೆ ಯಂತ್ರಗಳಿವೆ. ಬೆರಳಿಟ್ಟರೆ ಉತ್ತರ ಬರುತ್ತದೆ, ಕಾರಣ ಬರುವುದಿಲ್ಲ. ಕಾರಣವನ್ನರಿಯುವ ಮನಸ್ಸನ್ನು ಬೆಳೆಸುವುದು ಹಿರಿಯರ ಹೊಣೆ. ಬಸದಿಯ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ನಮ್ಮ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಆಚಾರ್ಯರ ಈ ಒಂದು ಗುಣಾಕಾರವನ್ನು ಕೈಯಾರೆ ಮಾಡಿಸೋಣ. ಅದಕ್ಕಿಂತ ಮಿಗಿಲಾದ ಗುರುಸ್ಮರಣೆ ಬೇರೊಂದಿಲ್ಲ.